ಕತ್ತಲಲ್ಲಿ ಎಷ್ಟು ಕಾಣಬೇಕು?

ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ, ಬೆಂಗಳೂರಿನಲ್ಲಿರುವ ನಮ್ಮ ಕಡೆಯವರು ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆ ಒಂದಿದೆ. “ಮನೆ ಹೊರಗೆ ಹಾಕೋಕೆ, ರಾತ್ರಿ ಕ್ಲಿಯರ್ ಆಗಿ ಕಾಣೋ ಕ್ಯಾಮೆರಾ ಯಾವುದು ಚೆನ್ನಾಗಿದೆ?” ನಮ್ಮ ಕಡೆ ಅಂದರೆ ಕಡೂರು, ತರೀಕೆರೆ, ಅಜ್ಜಂಪುರ. ಕೇಳುವವರು ವೈಟ್‌ಫೀಲ್ಡ್‌ನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಕೆಲಸದಲ್ಲಿರುತ್ತಾರೆ. ಊರಲ್ಲಿ ಅಪ್ಪ ಅಮ್ಮ ಇಬ್ಬರೇ. ಅಂಗಳದ ತುಂಬ ಬೇಯಿಸಿ ಹರಡಿದ ಅಡಿಕೆ. ನಾನು ಎಲೆಕ್ಟ್ರಾನಿಕ್ಸ್ ಓದಿದವನು ಅನ್ನೋ ಒಂದೇ ಕಾರಣಕ್ಕೆ ಈ ಪ್ರಶ್ನೆ ವರ್ಷಕ್ಕೆ ನಾಲ್ಕೈದು ಸಲವಾದರೂ ನನ್ನ ಹತ್ತಿರ ಬರುತ್ತೆ.

ಯಾವ ಕಂಪನಿ, ಎಷ್ಟು ರೇಟು ಅನ್ನೋದು ಅರ್ಧ ಗಂಟೆಯಲ್ಲಿ ಮುಗಿಯುವ ಮಾತು. ನನ್ನನ್ನು ಕಾಡುವುದು ಆ ‘ಕ್ಲಿಯರ್’ ಅನ್ನುವ ಪದ. ರಾತ್ರಿ ಯಾರು ಕಾಣಬೇಕು, ಎಷ್ಟು ಕಾಣಬೇಕು, ಕಂಡವರನ್ನು ನಾವು ಏನೆಂದುಕೊಳ್ಳಬೇಕು? ಕ್ಯಾಮೆರಾ ಆರಿಸುವುದು ಅಂದರೆ ಈ ಮೂರು ಪ್ರಶ್ನೆಗೆ ಉತ್ತರ ಕೊಟ್ಟಂತೆಯೇ. ನಾವು ಯೋಚಿಸದೆ ಹೋದರೆ ಅಂಗಡಿಯವನು ನಮ್ಮ ಪರವಾಗಿ ಉತ್ತರ ಕೊಟ್ಟು ಬಿಲ್ ಹಾಕುತ್ತಾನೆ.

ಮೊದಲೇ ಹೇಳಿಬಿಡ್ತೀನಿ, ಈ ಭಯ ಸುಳ್ಳಲ್ಲ. ಕೆಂಪಡಿಕೆ ಬೆಲೆ ಈಚಿನ ವರ್ಷಗಳಲ್ಲಿ ಕ್ವಿಂಟಲ್‌ಗೆ 50 ಸಾವಿರ ರೂಪಾಯಿ ದಾಟಿದ್ದೂ ಇದೆ. ಅಂದರೆ ಒಬ್ಬ ಗಂಡಸು ಹೆಗಲ ಮೇಲೆ ಹೊತ್ತು ನಡೆಯಬಹುದಾದ ಒಂದೇ ಚೀಲಕ್ಕೆ 25-30 ಸಾವಿರ. ಬೇಯಿಸಿದ ಅಡಿಕೆಯನ್ನು ದಿನಗಟ್ಟಲೆ ಬಿಸಿಲಿಗೆ ಹರಡಲೇಬೇಕು, ಬೀರುವಿನಲ್ಲಿಟ್ಟು ಬೀಗ ಹಾಕೋಕಾಗಲ್ಲ. ಕಡೂರಿನ ಬಯಲು ಕಡೆ ತೆಂಗಿನಕಾಯಿ, ಕೊಬ್ಬರಿ. ಎಲ್ಲ ಕಡೆಯೂ ಬೋರ್‌ವೆಲ್ ಕೇಬಲ್. ವರ್ಷದ ದುಡಿಮೆ ಒಂದು ರಾತ್ರಿಯಲ್ಲಿ ಹೋದರೆ ಅದು ಬರೀ ದುಡ್ಡಿನ ನಷ್ಟವಲ್ಲ. ಎಪ್ಪತ್ತರ ಪ್ರಾಯದವರು ಆಮೇಲೆ ನಿದ್ದೆ ಮಾಡಲ್ಲ, ಪ್ರತಿ ಸದ್ದಿಗೂ ಎದ್ದು ಕೂರುತ್ತಾರೆ. ಹಾಗಾಗಿ “ಕ್ಯಾಮೆರಾ ಯಾಕೆ, ಮನುಷ್ಯರ ಮೇಲೆ ನಂಬಿಕೆ ಇಲ್ವಾ?” ಅಂತ ಭಾಷಣ ಮಾಡುವುದು ಸುಲಭ, ಕಳೆದುಕೊಂಡವರ ಅಂಗಳದಲ್ಲಿ ನಿಂತು ಮಾಡುವುದು ಕಷ್ಟ.

ಇನ್ನು ‘ಕ್ಲಿಯರ್’ ಅಂದರೇನು ಅಂತ ನೋಡೋಣ. ಇದನ್ನು ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ನೀತಿಯ ಪ್ರಶ್ನೆ ಇರುವುದೇ ಈ ವಿವರಗಳ ಒಳಗೆ.

ಅಂಗಡಿಯಲ್ಲಿ ಮೊದಲು ಕೇಳಿಸುವ ಮಾತು ಮೆಗಾಪಿಕ್ಸೆಲ್. 2ಕ್ಕಿಂತ 4 ಒಳ್ಳೇದು, 4ಕ್ಕಿಂತ 8 ಒಳ್ಳೇದು. ಹಗಲಲ್ಲಿ ಇದು ನಿಜ. ರಾತ್ರಿ ಲೆಕ್ಕ ಬೇರೆ. ಕ್ಯಾಮೆರಾದ ಸೆನ್ಸರ್ ಅನ್ನುವುದು ಮಳೆನೀರು ಹಿಡಿಯಲು ಇಟ್ಟ ಪಾತ್ರೆಗಳ ಹಾಗೆ. ಅಷ್ಟೇ ಜಾಗದಲ್ಲಿ ನಾಲ್ಕು ಪಟ್ಟು ಹೆಚ್ಚು ಪಾತ್ರೆ ಇಟ್ಟರೆ ಒಂದೊಂದರ ಬಾಯಿ ಕಾಲು ಭಾಗಕ್ಕೆ ಇಳಿಯುತ್ತೆ. ಹಗಲು ಬೆಳಕು ಧಾರಾಳ, ಎಲ್ಲ ಪಾತ್ರೆಯೂ ತುಂಬುತ್ತೆ. ರಾತ್ರಿ ಬೆಳಕು ತುಂತುರು, ಸಣ್ಣ ಬಾಯಿಯ ಪಾತ್ರೆಗೆ ಬೀಳುವುದೇ ಕಡಿಮೆ. ಹಾಗಾಗಿ ಸಣ್ಣ ಸೆನ್ಸರಿನ 8 ಮೆಗಾಪಿಕ್ಸೆಲ್ ಕ್ಯಾಮೆರಾ ರಾತ್ರಿ ಹೊತ್ತು ದೊಡ್ಡ ಸೆನ್ಸರಿನ 4 ಮೆಗಾಪಿಕ್ಸೆಲ್‌ಗೆ ಸೋಲುವುದುಂಟು. 1/1.8 ಇಂಚಿನ ಸೆನ್ಸರಿನ ವಿಸ್ತೀರ್ಣ 1/2.8 ಇಂಚಿನದಕ್ಕಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚು. ಲೆನ್ಸಿನದೂ ಹಾಗೇ. ಎಫ್ 1.0 ಲೆನ್ಸು ಎಫ್ 2.0 ಲೆನ್ಸಿಗಿಂತ ನಾಲ್ಕು ಪಟ್ಟು ಬೆಳಕು ಬಿಟ್ಟುಕೊಳ್ಳುತ್ತೆ.

ಎರಡನೆಯದು ಶಟರ್. ಕತ್ತಲಲ್ಲಿ ಬೆಳಕು ಸಾಲದೆ ಇದ್ದಾಗ ಕ್ಯಾಮೆರಾ ತನ್ನ ಕಣ್ಣನ್ನು ಹೆಚ್ಚು ಹೊತ್ತು ತೆರೆದಿಡುತ್ತೆ. ಖಾಲಿ ಅಂಗಳ ಆಗ ಹಾಲು ಚೆಲ್ಲಿದ ಹಾಗೆ ಬೆಳ್ಳಗೆ, ಚೆಂದವಾಗಿ ಕಾಣುತ್ತೆ. ಜಾಹೀರಾತಿನಲ್ಲಿ ತೋರಿಸುವುದು ಇಂಥ ಚಿತ್ರವನ್ನೇ. ಆದರೆ ಸೆಕೆಂಡಿನ 25ನೇ ಒಂದು ಭಾಗದಲ್ಲಿ ಸಾಧಾರಣವಾಗಿ ನಡೆಯುವ ಮನುಷ್ಯ ಐದಾರು ಸೆಂಟಿಮೀಟರ್ ಮುಂದೆ ಹೋಗಿರುತ್ತಾನೆ. ಕಣ್ಣು ಮೂಗು ಒಂದರ ಮೇಲೊಂದು ಬಳಿದುಕೊಳ್ಳಲು ಅಷ್ಟು ಸಾಕು. ಗೋಡೆ ಸ್ಪಷ್ಟ, ಗೇಟು ಸ್ಪಷ್ಟ, ಮನುಷ್ಯ ಮಾತ್ರ ಹೊಗೆ.

ಮೂರನೆಯದು ಇನ್‌ಫ್ರಾರೆಡ್. ನಮ್ಮ ಕಣ್ಣಿಗೆ ಕಾಣದ ಬೆಳಕನ್ನು ಕ್ಯಾಮೆರಾ ತಾನೇ ಬಿಟ್ಟು ತಾನೇ ನೋಡುತ್ತೆ. ಚಿತ್ರ ಕಪ್ಪು ಬಿಳುಪು. ಇಲ್ಲೊಂದು ತಮಾಷೆ ಇದೆ. ಬಟ್ಟೆಯ ಎಷ್ಟೋ ಬಣ್ಣಗಳು ಇನ್‌ಫ್ರಾರೆಡ್ ಬೆಳಕನ್ನು ಹೀರದೆ ವಾಪಸ್ ಕಳಿಸುತ್ತವೆ. ಹಾಗಾಗಿ ಕಪ್ಪು ಶರಟು ಬೆಳ್ಳಗೆ ಕಾಣಬಹುದು. “ಬಿಳಿ ಶರಟಿನವನು ಬಂದಿದ್ದ, ವಿಡಿಯೋದಲ್ಲಿ ನಾನೇ ನೋಡಿದೆ” ಅಂತ ಒಬ್ಬರು ಪ್ರಮಾಣ ಮಾಡಿ ಹೇಳುತ್ತಾರೆ, ಹೇಳುವವರು ಸುಳ್ಳುಗಾರರಲ್ಲ, ಆದರೂ ಅವತ್ತು ಬಿಳಿ ಶರಟು ಹಾಕಿದ್ದ ಯಾರೋ ಬಡಪಾಯಿಯ ಗತಿ ಕೆಟ್ಟಿತು ಅಂದುಕೊಳ್ಳಿ. ಅದರ ಮೇಲೆ ಲೆನ್ಸಿನ ಮುಂದೆ ಜೇಡ ಬಲೆ ಕಟ್ಟಿದರೆ, ಮಳೆಹುಳ ಎದ್ದರೆ, ಮಂಜು ಇಳಿದರೆ, ಹತ್ತಿರದ ಗೋಡೆ ಬೆಳಕನ್ನು ತಿರುಗಿಸಿ ಹೊಡೆದರೆ ಇಡೀ ಚಿತ್ರವೇ ಬೆಳ್ಳಗಾಗುತ್ತೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಐಇಸಿ 62676-4 ಅಂತ ಒಂದು ಅಂತರರಾಷ್ಟ್ರೀಯ ಮಾನದಂಡ ಇದೆ. ಕ್ಯಾಮೆರಾದಲ್ಲಿ ಕಾಣುವುದನ್ನು ಅದರ 2014ರ ಆವೃತ್ತಿ ಹಂತ ಹಂತವಾಗಿ ವಿಂಗಡಿಸಿತ್ತು. ಅದರಲ್ಲಿ ನಮಗೆ ಬೇಕಾದ್ದು ನಾಲ್ಕು. ‘ಅಲ್ಲಿ ಯಾರೋ ಇದ್ದಾರೆ’ ಅಂತ ತಿಳಿಯಲು ಒಂದು ಮೀಟರ್ ಅಗಲಕ್ಕೆ 25 ಪಿಕ್ಸೆಲ್ ಸಾಕು. ಅವರ ಬಟ್ಟೆ, ನಡಿಗೆಯಂಥ ವಿವರ ನೋಡಲು ಸುಮಾರು 62 ಬೇಕು. ‘ಇವರು ನನಗೆ ಮೊದಲೇ ಗೊತ್ತಿರುವವರು’ ಅನ್ನಲು 125. ಗುರುತೇ ಇಲ್ಲದ ಒಬ್ಬ ವ್ಯಕ್ತಿಯನ್ನು ‘ಇವನೇ, ಅನುಮಾನವಿಲ್ಲ’ ಅಂತ ಹೇಳಲು 250.

4 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ ಸಾಮಾನ್ಯವಾಗಿ 2560 ಪಿಕ್ಸೆಲ್ ಅಗಲ. ಅದನ್ನು 250ರಿಂದ ಭಾಗಿಸಿ. ಹತ್ತು ಮೀಟರ್ ಅಗಲದ ದೃಶ್ಯದವರೆಗೆ ಮಾತ್ರ ಅದು ‘ಇವನೇ’ ಅನ್ನಬಲ್ಲದು. ಆದರೆ 25ರಿಂದ ಭಾಗಿಸಿದರೆ ನೂರು ಮೀಟರ್ ಅಗಲದಲ್ಲೂ ಅದು ‘ಯಾರೋ ಇದ್ದಾರೆ’ ಅನ್ನುತ್ತಲೇ ಇರುತ್ತೆ. ಇದೂ ಹಗಲಿನ ಬೆಳಕಿನ, ಕಾಗದದ ಮೇಲಿನ ಲೆಕ್ಕ. ರಾತ್ರಿ ಇನ್ನೂ ಕಡಿಮೆ.

ಹತ್ತು ಮೀಟರಿಗೂ ನೂರು ಮೀಟರಿಗೂ ನಡುವೆ ಇರುವುದು ಅನುಮಾನದ ಜಾಗ. ಅಲ್ಲಿ ಯಾರೋ ಇದ್ದಾರೆ ಅಂತ ಗೊತ್ತಾಗುತ್ತೆ, ಯಾರು ಅಂತ ಗೊತ್ತಾಗಲ್ಲ. ನಮ್ಮಲ್ಲಿ ಬಹಳ ಜನ ದುಡ್ಡು ಕೊಟ್ಟು ಕೊಳ್ಳುವುದು ಈ ಜಾಗವನ್ನೇ. “ಒಂದೇ ಕ್ಯಾಮೆರಾದಲ್ಲಿ ಮನೆ, ರಸ್ತೆ, ಎದುರು ಮನೆ, ತೋಟದ ದಾರಿ ಎಲ್ಲಾ ಕವರ್ ಆಗ್ಬೇಕು” ಅನ್ನುತ್ತಾರೆ. ಎಲ್ಲವೂ ಕವರ್ ಆಗುತ್ತೆ. ಒಂದೂ ಮುಖ ಕಾಣಲ್ಲ.

ಮುಖ ಕಾಣದ ಚಿತ್ರ ನಿರುಪಯುಕ್ತ ಅಂದುಕೊಂಡರೆ ಅದು ತಪ್ಪು. ಅದಕ್ಕೆ ಬಹಳ ಉಪಯೋಗ ಇದೆ, ಕೆಟ್ಟ ಉಪಯೋಗ. ಮಸುಕಾದ ಆಕೃತಿಯೊಂದನ್ನು ಊರಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ “ರಾತ್ರಿ 2.40ಕ್ಕೆ ನಮ್ಮ ಮನೆ ಮುಂದೆ ಓಡಾಡಿದ್ದಾನೆ, ಎಲ್ಲರೂ ಹುಷಾರು” ಅಂತ ಬರೆದು ನೋಡಿ. ಅರ್ಧ ಗಂಟೆಯಲ್ಲಿ ಅದಕ್ಕೆ ಒಂದು ಹೆಸರು ಬಂದಿರುತ್ತೆ. ಆ ಹೆಸರು ಚಿತ್ರದಿಂದ ಬಂದದ್ದಲ್ಲ. ಯಾರ ಮೇಲೆ ಮೊದಲೇ ಕಣ್ಣಿತ್ತೋ ಅವರದು. ಕುಡಿಯುವವನು, ಸಾಲ ಮಾಡಿಕೊಂಡವನು, ಹೊರಗಿನಿಂದ ಕೂಲಿಗೆ ಬಂದವನು, ಊರಾಚೆ ಗುಡಾರ ಹಾಕಿದವನು. ಮಸುಕು ಚಿತ್ರದಲ್ಲಿ ಮನುಷ್ಯ ತನ್ನ ಅನುಮಾನವನ್ನೇ ನೋಡಿಕೊಳ್ಳುತ್ತಾನೆ.

ನಮ್ಮ ಮೂರು ತಾಲ್ಲೂಕಿನಲ್ಲಿ ರಾತ್ರಿ ಎರಡಕ್ಕೋ ಮೂರಕ್ಕೋ ರಸ್ತೆಯಲ್ಲಿ ನಡೆಯುವವರು ಯಾರು ಅಂತ ಒಮ್ಮೆ ಪಟ್ಟಿ ಮಾಡಿ. ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟು ಪಾಳಿ ಪ್ರಕಾರ ಬರುತ್ತೆ. ರಾತ್ರಿ ಪಾಳಿ ಇದ್ದಾಗ ರೈತ ಟಾರ್ಚು ಹಿಡಿದು, ತಲೆಗೆ ಟವೆಲ್ ಸುತ್ತಿಕೊಂಡು, ಕೈಯಲ್ಲೊಂದು ಗುದ್ದಲಿ ಹಿಡಿದು ತೋಟಕ್ಕೆ ನೀರು ತಿರುಗಿಸಲು ಹೋಗುತ್ತಾನೆ. ಕ್ಯಾಮೆರಾದಲ್ಲಿ ಅವನು ಹೇಗೆ ಕಾಣಬಹುದು ಅಂತ ಊಹಿಸಿ. ಮುಖ ಮುಚ್ಚಿದ, ಆಯುಧ ಹಿಡಿದ ಆಸಾಮಿ. ಕಡೂರು, ಬೀರೂರು, ಅಜ್ಜಂಪುರ ಮೂರೂ ಬೆಂಗಳೂರು-ಹುಬ್ಬಳ್ಳಿ ರೈಲು ದಾರಿಯಲ್ಲಿವೆ, ತರೀಕೆರೆ ಶಿವಮೊಗ್ಗದ ದಾರಿಯಲ್ಲಿ. ಹೊತ್ತಲ್ಲದ ಹೊತ್ತಲ್ಲಿ ಇಳಿದು ಬ್ಯಾಗು ಹೊತ್ತು ಮನೆಗೆ ನಡೆಯುವವರು ನಾವೇ, ನೀವೇ. ಅಡಿಕೆ ಸುಲಿಯಲು ಬೆಳಗಿನ ಜಾವಕ್ಕೇ ಎದ್ದು ಬರುವ ಹೆಂಗಸರಿದ್ದಾರೆ. ಕುರಿ ಮಂದೆಯ ಜೊತೆ ಹೊಲದಲ್ಲೇ ಮಲಗುವವರಿದ್ದಾರೆ. ಹಾಲಿನವರು, ಪೇಪರಿನವರು, ಹೆರಿಗೆ ನೋವು ಬಂದ ಮನೆಯವರು, ಸಾವಿನ ಸುದ್ದಿ ಹೇಳಲು ಹೊರಟವರು. ಈ ಪಟ್ಟಿಯಲ್ಲಿ ಕಳ್ಳ ಇಲ್ಲವೆಂದಲ್ಲ. ಇಷ್ಟು ಜನರ ನಡುವೆ ಅವನೊಬ್ಬ.

ಮಸುಕಾದ ಒಂದು ಚಿತ್ರ, ಅದರ ಕೆಳಗೆ ಒಂದು ಸಾಲು ಬರಹ, ಇವೆರಡು ಸೇರಿದರೆ ಏನಾಗಬಹುದು ಅಂತ ಕರ್ನಾಟಕ 2018ರಲ್ಲಿ ನೋಡಿದೆ. ಆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಮಕ್ಕಳ ಕಳ್ಳ ಅನ್ನೋ ವದಂತಿಗೆ ರಾಜಸ್ಥಾನದಿಂದ ದುಡಿಯಲು ಬಂದಿದ್ದ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವ ಎಂಜಿನಿಯರ್ ಹಾಗೆಯೇ ಸತ್ತ. ಅವನ ಗುಂಪಿನವರು ಮಾಡಿದ್ದು ಮಕ್ಕಳಿಗೆ ಚಾಕೊಲೇಟ್ ಹಂಚಿದ್ದು. ಅವು ಮನೆಯ ಸಿಸಿಟಿವಿಯಿಂದ ಶುರುವಾದ ಪ್ರಕರಣಗಳಲ್ಲ, ನಿಜ. ಆದರೆ ದಾರಿ ಅದೇ. ಯಾರೋ ಗೊತ್ತಿಲ್ಲದವರು ಕಂಡರು, ಕಂಡದ್ದು ಫೋನಿಂದ ಫೋನಿಗೆ ಹೋಯಿತು, ಹೋಗುತ್ತಾ ಹೋಗುತ್ತಾ ತೀರ್ಪು ಆಯಿತು. ಹುಟ್ಟಿನಿಂದಲೇ ಕೆಲವು ಸಮುದಾಯಗಳನ್ನು ಕಳ್ಳರೆಂದು ಪಟ್ಟಿ ಮಾಡಿದ ಬ್ರಿಟಿಷರ ಕಾಯ್ದೆ ಬಂದದ್ದು 1871ರಲ್ಲಿ, ಅದು ರದ್ದಾದದ್ದು 1952ರಲ್ಲಿ. ಕಾಗದದ ಮೇಲಿಂದ ಪಟ್ಟಿ ಹೋಗಿ ಎಪ್ಪತ್ತು ವರ್ಷ ದಾಟಿತು. ತಲೆಯೊಳಗಿನ ಪಟ್ಟಿ ಹೋಗಿದೆಯಾ ಅಂತ ತಿಳಿಯಲು ಊರಿನ ಯಾವುದಾದರೂ ವಾಟ್ಸ್ಆ್ಯಪ್ ಗುಂಪು ತೆರೆದರೆ ಸಾಕು.

ಹಾಗಾದರೆ ಸ್ಪಷ್ಟವಾಗಿ ಕಾಣುವ ಕ್ಯಾಮೆರಾ ಹಾಕಿದರೆ ಆಯ್ತಲ್ಲ ಅಂತ ನೀವು ಕೇಳಬಹುದು. ಹೌದು, ಅರ್ಧ ಸಮಸ್ಯೆ ಅದರಿಂದ ಹೋಗುತ್ತೆ. ಒಳ್ಳೆಯ ಚಿತ್ರ ನಿರಪರಾಧಿಯನ್ನೂ ಕಾಪಾಡುತ್ತೆ. ‘ಅವನಲ್ಲ’ ಅಂತ ಹೇಳಲೂ ಮುಖ ಕಾಣಬೇಕು. ಹಾಗಾಗಿ ಕ್ಯಾಮೆರಾ ಹಾಕುವುದಾದರೆ ಚೆನ್ನಾಗಿರುವುದನ್ನೇ ಹಾಕಿ ಅನ್ನುವುದು ನನ್ನ ಮಟ್ಟಿಗೆ ನೀತಿಯ ಮಾತೂ ಹೌದು. ಅಗ್ಗದ ಕ್ಯಾಮೆರಾ ತಪ್ಪು ಮಾಡಿದಾಗ ಅದರ ಬೆಲೆಯನ್ನು ಬೇರೆ ಯಾರೋ ಕೊಡಬೇಕಾಗುತ್ತೆ.

ಉಳಿದರ್ಧ ಹಾಗೇ ಉಳಿಯುತ್ತೆ. ಮುಖ ಕಂಡರೂ ಕಾರಣ ಕಾಣಲ್ಲ. ಕನಕದಾಸರ ಬಾಳೆಹಣ್ಣಿನ ಕಥೆ ನಮಗೆಲ್ಲ ಪ್ರೈಮರಿ ಸ್ಕೂಲಿನಿಂದಲೂ ಗೊತ್ತು. ಯಾರೂ ನೋಡದ ಕಡೆ ಹಣ್ಣು ತಿಂದು ಬನ್ನಿ ಅಂತ ಗುರುಗಳು ಹೇಳಿದರು. ಎಲ್ಲರೂ ಮೂಲೆ ಹುಡುಕಿ ತಿಂದರು, ದೇವರು ನೋಡದ ಜಾಗವೇ ಸಿಗಲಿಲ್ಲ ಅಂತ ಕನಕರು ಹಣ್ಣನ್ನು ವಾಪಸ್ ತಂದರು. ಸಿಸಿಟಿವಿ ಬಗ್ಗೆ ಮಾತಾಡುವಾಗ ಈ ಕಥೆಯನ್ನು ಉದಾಹರಣೆ ಕೊಡುವವರಿದ್ದಾರೆ. ಯಾರೋ ನೋಡುತ್ತಿದ್ದಾರೆ ಅಂತ ಗೊತ್ತಿದ್ದರೆ ಜನ ಸರಿ ಇರುತ್ತಾರೆ ಅನ್ನೋ ಅರ್ಥದಲ್ಲಿ. ನನಗೆ ಈ ಹೋಲಿಕೆ ಒಪ್ಪಿಗೆ ಇಲ್ಲ. ಕನಕರು ನಂಬಿದ್ದು ಒಳಗನ್ನೂ ನೋಡಬಲ್ಲ ಕಣ್ಣನ್ನು. ಹಸಿದು ತಿಂದನೋ, ಕೊಬ್ಬಿಗೆ ತಿಂದನೋ ಆ ಕಣ್ಣಿಗೆ ಗೊತ್ತು. ಗೇಟಿನ ಮೇಲಿನ ಕಣ್ಣಿಗೆ ಗೊತ್ತಾಗುವುದು ಹೊತ್ತು ಮತ್ತು ಆಕೃತಿ, ಅಷ್ಟೇ. ಅದಕ್ಕೆ ದೇವರ ಅಧಿಕಾರ ಕೊಟ್ಟರೆ ನಾವು ಆ ಅಧಿಕಾರವನ್ನು ನಮಗೇ ಕೊಟ್ಟುಕೊಂಡ ಹಾಗೆ.

ಹಿಂದೆ ಊರಿನ ಕಾವಲು ತಳವಾರನದು. ಹನ್ನೆರಡು ಆಯಗಾರರಲ್ಲಿ ಅವನೂ ಒಬ್ಬ. ಆ ವ್ಯವಸ್ಥೆ ಚೆನ್ನಾಗಿತ್ತು ಅಂತ ನಾನು ಹೇಳಲ್ಲ. ಯಾರು ರಾತ್ರಿಯೆಲ್ಲ ಎದ್ದಿರಬೇಕು, ಯಾರು ನೆಮ್ಮದಿಯಾಗಿ ಮಲಗಬೇಕು ಅನ್ನೋದನ್ನು ಅದು ಜಾತಿ ನೋಡಿಯೇ ಹಂಚಿತ್ತು. ಒಂದು ವ್ಯತ್ಯಾಸ ಮಾತ್ರ ಗಮನಿಸಿ. ಕತ್ತಲಲ್ಲಿ ಯಾರಾದರೂ ಕಂಡರೆ ಕಾವಲಿನವನು “ಯಾರದು?” ಅಂತ ಕೂಗುತ್ತಾನೆ. “ನಾನು ಕಣಣ್ಣ, ನೀರು ತಿರುಗ್ಸೋಕೆ ಹೊಂಟಿದ್ದೆ” ಅಂತ ಉತ್ತರ ಬರುತ್ತೆ. ಕ್ಯಾಮೆರಾದ ಮುಂದೆ ನಡೆದವನಿಗೆ ಆ ಪ್ರಶ್ನೆಯೂ ಕೇಳಿಸಲ್ಲ, ಉತ್ತರ ಹೇಳುವ ಅವಕಾಶವೂ ಇರಲ್ಲ. ಮರುದಿನ ಅವನ ಬಗ್ಗೆ ಮಾತಾಡುತ್ತಾರೆ, ಅವನ ಜೊತೆ ಮಾತಾಡಲ್ಲ.

ಇದಕ್ಕೇ ನಾನು ಪೂರ್ತಿ ಗುಪ್ತವಾದ ಕ್ಯಾಮೆರಾ ಬೇಡ ಅನ್ನುವುದು. ಇನ್‌ಫ್ರಾರೆಡ್‌ನಲ್ಲೂ ಎರಡು ಬಗೆ. 850 ನ್ಯಾನೋಮೀಟರಿನದು ಸ್ವಲ್ಪ ಕೆಂಪಗೆ ಮಿನುಗುತ್ತೆ, ಹತ್ತಿರ ಬಂದವರಿಗೆ ಗೊತ್ತಾಗುತ್ತೆ. 940ರದು ಕಣ್ಣಿಗೆ ಕಾಣುವುದೇ ಇಲ್ಲ, ದೂರವೂ ಕಡಿಮೆ. ಮೂರನೆಯದು, ಯಾರಾದರೂ ಗೇಟಿನೊಳಗೆ ಕಾಲಿಟ್ಟಾಗ ತಾನೇ ಹೊತ್ತಿಕೊಳ್ಳುವ ಬಿಳಿ ದೀಪ ಇರುವಂಥದು. ಚಿತ್ರ ಬಣ್ಣದಲ್ಲಿ ಬರುತ್ತೆ, ಕಪ್ಪು ಶರಟು ಕಪ್ಪಾಗಿಯೇ ಇರುತ್ತೆ. ಬೆಳಕು ಹೆಚ್ಚಾದ್ದರಿಂದ ಶಟರ್ ಬೇಗ ಮುಚ್ಚುತ್ತೆ, ಮುಖ ಬಳಿದುಕೊಳ್ಳಲ್ಲ. ಜೊತೆಗೆ ಆ ದೀಪ ‘ಯಾರದು?’ ಅಂತ ಕೂಗಿದ ಹಾಗೆ. ದಾರಿ ತಪ್ಪಿ ಬಂದವನು ನಿಂತು ಕರೆಯುತ್ತಾನೆ, ಕಳ್ಳ ವಾಪಸ್ ಹೋಗುತ್ತಾನೆ. ನಮಗೆ ಬೇಕಾದ್ದು ಅವನು ವಾಪಸ್ ಹೋಗುವುದು ತಾನೇ? ಅಥವಾ ಅವನು ಕದಿಯುವುದನ್ನು ಚೆನ್ನಾಗಿ ರೆಕಾರ್ಡ್ ಮಾಡಿ ಎಲ್ಲರಿಗೂ ತೋರಿಸುವುದಾ? ಈ ಪ್ರಶ್ನೆಗೆ ಮನಸ್ಸಿನಲ್ಲೇ ಪ್ರಾಮಾಣಿಕವಾಗಿ ಉತ್ತರ ಹೇಳಿಕೊಂಡರೆ ಯಾವ ಕ್ಯಾಮೆರಾ ಅನ್ನೋದು ಮುಕ್ಕಾಲು ಪಾಲು ತೀರ್ಮಾನ ಆಗುತ್ತೆ.

ತರೀಕೆರೆಯಿಂದ ಲಕ್ಕವಳ್ಳಿ ಕಡೆ ಹೋದರೆ ಭದ್ರಾ ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿಯೂ ಕತ್ತಲಲ್ಲಿ ಕ್ಯಾಮೆರಾ ಇಡುತ್ತಾರೆ. ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಬೆಳೆಸಿದ ವಿಧಾನ ಅದು. ಒಂದೊಂದು ಹುಲಿಗೂ ಪಟ್ಟೆ ಬೇರೆ, ಒಂದೇ ಹುಲಿಯ ಎಡಮೈ ಬಲಮೈ ಪಟ್ಟೆಯೂ ಬೇರೆ. ಅದಕ್ಕೇ ದಾರಿಯ ಎರಡೂ ಬದಿಗೆ ಎದುರುಬದುರಾಗಿ ಎರಡು ಕ್ಯಾಮೆರಾ. ಕಾಡನ್ನೆಲ್ಲ ತೋರಿಸುವ ಕ್ಯಾಮೆರಾ ಅವರಿಗೆ ಬೇಡ. ಹುಲಿ ಹಾದುಹೋಗುವ ಕೆಲವೇ ಅಡಿ ಅಗಲದ ದಾರಿ ಸಾಕು, ಆದರೆ ಅಲ್ಲಿ ಪಟ್ಟೆ ಸ್ಪಷ್ಟ ಇರಬೇಕು. ಮೊದಲು ಪ್ರಶ್ನೆ, ಆಮೇಲೆ ಕ್ಯಾಮೆರಾ. ಹುಲಿಗೆ ಕೊಡುವ ಈ ಮರ್ಯಾದೆಯನ್ನು ನಮ್ಮ ಬೀದಿಯ ಮನುಷ್ಯರಿಗೂ ಕೊಡಬಹುದು.

ಇನ್ನು ರಸ್ತೆ ಮತ್ತು ಪಕ್ಕದ ಮನೆಯ ವಿಷಯ. ಚೆಕ್ ಗಣರಾಜ್ಯದಲ್ಲಿ ಒಬ್ಬರ ಮನೆ ಮೇಲೆ ಪದೇ ಪದೇ ದಾಳಿ ಆಗುತ್ತಿತ್ತು, ಕಿಟಕಿ ಒಡೆಯುತ್ತಿದ್ದರು. ಅವರು ಸೂರಿನ ಕೆಳಗೆ ಕ್ಯಾಮೆರಾ ಹಾಕಿದರು. ಅದರಲ್ಲಿ ಅವರ ಬಾಗಿಲು, ಸಾರ್ವಜನಿಕ ರಸ್ತೆ, ಎದುರು ಮನೆಯ ಬಾಗಿಲು ಮೂರೂ ಕಾಣುತ್ತಿತ್ತು. ಕವಣೆ ಹೊಡೆದ ಇಬ್ಬರು ಶಂಕಿತರು ಆ ಚಿತ್ರದಿಂದಲೇ ಸಿಕ್ಕರು. ಅವರಲ್ಲೊಬ್ಬ ‘ನನ್ನನ್ನು ಹೀಗೆ ಚಿತ್ರಿಸಿದ್ದು ಕಾನೂನು ಪ್ರಕಾರ ಸರಿಯೇ?’ ಅಂತ ಕೇಳಿದ. ಪ್ರಕರಣ ಯುರೋಪಿನ ನ್ಯಾಯಾಲಯದವರೆಗೆ ಹೋಯಿತು. 2014ರ ಡಿಸೆಂಬರ್‌ನಲ್ಲಿ ಕೋರ್ಟು ಹೇಳಿದ್ದು ಇಷ್ಟು: ರಸ್ತೆಯನ್ನೂ ಚಿತ್ರಿಸುವ ಕ್ಯಾಮೆರಾ ಬರೀ ಮನೆಯ ಸ್ವಂತ ವಿಷಯ ಅಲ್ಲ, ದತ್ತಾಂಶ ಕಾನೂನು ಅದಕ್ಕೂ ಅನ್ವಯಿಸುತ್ತೆ. ಮನೆಯವರ ರಕ್ಷಣೆಯ ಹಿತವನ್ನೂ ಕೋರ್ಟು ತಳ್ಳಿಹಾಕಲಿಲ್ಲ, ಎರಡನ್ನೂ ತೂಗಬೇಕು ಅಂದಿತು.

ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದರು. ಆ ಪ್ರಕರಣ ಹಾಕಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಒಬ್ಬ ವ್ಯಕ್ತಿ ಸ್ವಂತ ಅಥವಾ ಮನೆಯ ಉದ್ದೇಶಕ್ಕೆ ಬಳಸುವ ದತ್ತಾಂಶವನ್ನು ತನ್ನ ವ್ಯಾಪ್ತಿಯಿಂದ ಹೊರಗೆ ಬಿಟ್ಟಿದೆ. ಅಂದರೆ ಗೇಟಿನ ಕ್ಯಾಮೆರಾ ಎತ್ತ ತಿರುಗಬೇಕು ಅನ್ನೋದನ್ನು ಬಹುಮಟ್ಟಿಗೆ ನಮ್ಮ ವಿವೇಕಕ್ಕೇ ಬಿಟ್ಟ ಹಾಗೆ.

ಇದಕ್ಕೆ ಎದುರು ವಾದ ಇದೆ, ಗಟ್ಟಿಯಾದದ್ದೇ. ಕಳ್ಳತನ ಆದಾಗ ಪೊಲೀಸರು ಮೊದಲು ಕೇಳುವುದು ಅಕ್ಕಪಕ್ಕದ ಮನೆ, ಅಂಗಡಿಗಳ ಫೂಟೇಜನ್ನೇ. ರಸ್ತೆಯಲ್ಲಿ ಹೋದ ಗಾಡಿಯ ಸುಳಿವು ಸಿಗುವುದು ಹಾಗೆ. ಎಲ್ಲರೂ ತಮ್ಮ ತಮ್ಮ ಗೇಟು ಮಾತ್ರ ನೋಡಿಕೊಂಡರೆ ಊರನ್ನು ನೋಡುವವರು ಯಾರು? ನನ್ನ ಉತ್ತರ ಇದು. ರಸ್ತೆಗೆ ಕ್ಯಾಮೆರಾ ಬೇಕು ಅಂತ ಊರಿಗೇ ಅನ್ನಿಸಿದರೆ ಊರಿನವರು ಕೂತು ತೀರ್ಮಾನಿಸಲಿ. ಎಲ್ಲಿ ಹಾಕಬೇಕು, ಚಿತ್ರ ಯಾರ ಹತ್ತಿರ ಇರಬೇಕು, ಯಾವಾಗ ಅಳಿಸಬೇಕು ಅಂತ ಪಂಚಾಯಿತಿಯಲ್ಲಿ ಮಾತಾಗಲಿ. ರಾತ್ರಿ ಓಡುವ ಗಾಡಿಯ ನಂಬರ್ ಹಿಡಿಯುವುದು ಮನೆ ಕ್ಯಾಮೆರಾದ ಕೆಲಸವೂ ಅಲ್ಲ. ನಂಬರ್ ಪ್ಲೇಟು ಇನ್‌ಫ್ರಾರೆಡ್‌ಗೆ ಹೊಳೆದು ಬರೀ ಬಿಳಿ ತಗಡಾಗುತ್ತೆ. ಅದಕ್ಕೆ ಬೇರೆ ಲೆನ್ಸು, ಬೇರೆ ಶಟರ್ ಬೇಕು. ಒಬ್ಬೊಬ್ಬರು ಗುಟ್ಟಾಗಿ ಬೀದಿಯ ಮೇಲೆ ಕಣ್ಣಿಡುವುದಕ್ಕೂ ಊರೆಲ್ಲ ಗೊತ್ತಿದ್ದು ಕಾವಲಿಡುವುದಕ್ಕೂ ವ್ಯತ್ಯಾಸ ಇದೆ.

ಈ ವಿಷಯದಲ್ಲಿ ನಮ್ಮಪ್ಪನ ನಿಲುವು ನನಗಿಂತ ಸರಳ. “ಗೇಟಿಗೆ ಹಾಕೋ, ರಸ್ತೆಗೆ ಬೇಡ ಕಣಪ್ಪ. ಬೆಳಿಗ್ಗೆ ಎದ್ದು ಎದುರು ಮನೆ ಅಕ್ಕ ರಂಗೋಲಿ ಹಾಕೋದು ನಿನ್ನ ಫೋನಲ್ಲಿ ಯಾಕೆ ಬರ್ಬೇಕು?” ಅಂದರು. ಮೈಕಿನ ವಿಷಯಕ್ಕೂ ಇದೇ ಮಾತು. ಕ್ಯಾಮೆರಾದ ಜೊತೆ ಬರುವ ಮೈಕು ಕಟ್ಟೆ ಮೇಲೆ ಕೂತವರ ಮಾತನ್ನೂ ಹಿಡಿಯುತ್ತೆ. 2021ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನ ನ್ಯಾಯಾಧೀಶರೊಬ್ಬರು, ನೆರೆಮನೆಯ ಕ್ಯಾಮೆರಾದ ಪ್ರಕರಣದಲ್ಲಿ, ಚಿತ್ರಕ್ಕಿಂತ ಧ್ವನಿಮುದ್ರಣವೇ ಹೆಚ್ಚು ತೊಂದರೆಯದು ಅಂದಿದ್ದರು. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಮಾಡಲು ಹತ್ತು ಸೆಕೆಂಡು ಸಾಕು.

ಬೆಂಗಳೂರಿನಲ್ಲಿ ಕೂತು ಊರ ಮನೆಗೆ ಕ್ಯಾಮೆರಾ ಹಾಕಿಸುವ ನಮ್ಮಂಥವರು ಇನ್ನೊಂದು ವಿಷಯ ಯೋಚಿಸಬೇಕು. ಕಳ್ಳ ವರ್ಷಕ್ಕೊಮ್ಮೆ ಬರಬಹುದು, ಬರದೆಯೂ ಇರಬಹುದು. ಆ ಕ್ಯಾಮೆರಾದಲ್ಲಿ ಪ್ರತಿದಿನ ಕಾಣುವುದು ಅಪ್ಪ ಅಮ್ಮ. ಅಪ್ಪ ರಾತ್ರಿ ಎಷ್ಟು ಸಲ ಎದ್ದು ಹೊರಗೆ ಹೋದರು, ಅಮ್ಮನ ಹತ್ತಿರ ಯಾರು ಬಂದು ಕೂತರು, ಯಾರಿಗೆ ಒಂದು ಸೇರು ಅಕ್ಕಿ ಕೊಟ್ಟರು ಎಲ್ಲ ಗೊತ್ತಾಗುತ್ತೆ. “ನಿನ್ನೆ ಅಷ್ಟೊತ್ತಲ್ಲಿ ಯಾಕೆ ಹೊರಗೆ ಹೋಗಿದ್ರಿ?” ಅಂತ ಮಗ ಫೋನಿನಲ್ಲಿ ಕೇಳಿದ ದಿನ ಅಪ್ಪ ಸ್ವಂತ ಅಂಗಳದಲ್ಲೇ ಲೆಕ್ಕ ಕೊಡಬೇಕಾದ ಮನುಷ್ಯ ಆಗುತ್ತಾರೆ. ಕಾಳಜಿ ಮತ್ತು ಕಾವಲು ಒಂದೇ ಪರದೆಯಲ್ಲಿ ಬರುವುದರಿಂದ ಯಾವುದು ಯಾವುದು ಅಂತ ನಮಗೇ ಗೊತ್ತಾಗದೆ ಹೋಗಬಹುದು. ಹಾಗಾಗಿ ಆ್ಯಪಿನ ಮೊದಲ ಹಕ್ಕು ಮನೆಯಲ್ಲಿರುವವರದು. ಎಲ್ಲಿ ಹಾಕಬೇಕು, ಯಾರು ನೋಡಬೇಕು, ಯಾವಾಗ ಆಫ್ ಮಾಡಬೇಕು ಅಂತ ಅವರೇ ಹೇಳಲಿ. ಪಾಸ್‌ವರ್ಡ್ ಅನ್ನಂತೂ ಮೊದಲ ದಿನವೇ ಬದಲಾಯಿಸಿ. 2016ರಲ್ಲಿ ‘ಮಿರಾಯ್’ ಅನ್ನೋ ದುಷ್ಟ ತಂತ್ರಾಂಶ ಕಂಪನಿ ಕೊಟ್ಟ ಪಾಸ್‌ವರ್ಡನ್ನೇ ಇಟ್ಟುಕೊಂಡಿದ್ದ ಲಕ್ಷಾಂತರ ಉಪಕರಣಗಳಿಗೆ ನುಗ್ಗಿತ್ತು. ಅವುಗಳಲ್ಲಿ ಮನೆ ಕಾವಲಿಗೆ ಇಟ್ಟ ಕ್ಯಾಮೆರಾಗಳೇ ಬಹಳ ಇದ್ದವು.

ಕ್ಯಾಮೆರಾದಿಂದ ಕಳ್ಳತನ ನಿಲ್ಲುತ್ತಾ? 40 ವರ್ಷಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ 2019ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಇದೆ. ಸಾರ್ವಜನಿಕ ಜಾಗಗಳ ಸಿಸಿಟಿವಿಯಿಂದ ಅಪರಾಧ ಸುಮಾರು 13% ಕಡಿಮೆ ಆಗಿದೆ ಅನ್ನುತ್ತೆ ಅದು. ಕಾರು ನಿಲ್ಲಿಸುವ ಜಾಗಗಳಲ್ಲಿ ಪರಿಣಾಮ ಹೆಚ್ಚು, ಹೊಡೆದಾಟದಂಥ ಹಿಂಸೆಯ ಮೇಲೆ ಹೇಳಿಕೊಳ್ಳುವಂಥ ಪರಿಣಾಮ ಇಲ್ಲ. ಅಡಿಕೆ ಅಂಗಳದ ಲೆಕ್ಕ ಇದರಲ್ಲಿಲ್ಲ. ಆದರೂ ಒಂದು ಅಂದಾಜು ಸಿಗುತ್ತೆ. ಕ್ಯಾಮೆರಾ ಒಂದಿಷ್ಟು ಸಹಾಯ ಮಾಡುತ್ತೆ. ಉಳಿದದ್ದು ಗಟ್ಟಿ ಬೀಗ, ಬೊಗಳುವ ನಾಯಿ, ಕೂಗಿದರೆ ಎದ್ದು ಬರುವ ಪಕ್ಕದ ಮನೆಯವರು. ಆ ಪಕ್ಕದ ಮನೆಯವರನ್ನೇ ಅನುಮಾನದಿಂದ ದೂರ ಮಾಡಿಕೊಂಡರೆ ಎಷ್ಟು ಮೆಗಾಪಿಕ್ಸೆಲ್ ಇದ್ದರೂ ನಷ್ಟವೇ.

ಕೇಳಿದವರಿಗೆ ಈಗ ನಾನು ಹೇಳುವುದು ಇಷ್ಟು. 4 ಮೆಗಾಪಿಕ್ಸೆಲ್ ಸಾಕು, ಸೆನ್ಸರ್ ದೊಡ್ಡದಿರಲಿ, ಲೆನ್ಸಿನ ಎಫ್ ಸಂಖ್ಯೆ 1ರ ಹತ್ತಿರ ಇರಲಿ. ಗೇಟಿನ ಅಗಲ, ಅಡಿಕೆ ಹರಡಿದ ಅಂಗಳ, ಅಷ್ಟನ್ನೇ ತುಂಬುವ ಹಾಗೆ ಕೋನ ಇಡಿ. ಎಂಟು-ಹತ್ತು ಅಡಿಗಿಂತ ಎತ್ತರ ಬೇಡ, ಮೇಲೆ ಹೋದಷ್ಟೂ ಬರೀ ಟೋಪಿ ಕಾಣುತ್ತೆ. ಅಲುಗಾಟಕ್ಕೆ ಹೊತ್ತಿಕೊಳ್ಳುವ ದೀಪ ಇರಲಿ, ಅದು ಎದುರು ಮನೆಯ ಮಲಗುವ ಕೋಣೆಗೆ ಹೊಡೆಯದಿರಲಿ. ನೆರೆಯವರ ಕಿಟಕಿ ತಪ್ಪಿಸಲಾಗದಿದ್ದರೆ ಆ ಭಾಗವನ್ನು ಕಪ್ಪು ಮಾಡುವ ಪ್ರೈವೆಸಿ ಮಾಸ್ಕ್ ಬಹಳಷ್ಟು ಕ್ಯಾಮೆರಾಗಳಲ್ಲಿ ಇದೆ, ಬಳಸಿ. ಗಡಿಯಾರ ಸರಿ ಇಡಿ. ಏನಾದರೂ ಆದರೆ ಚಿತ್ರ ಗುಂಪಿಗೆ ಹೋಗಬಾರದು, ಠಾಣೆಗೆ ಹೋಗಬೇಕು. ಕೋರ್ಟಿನಲ್ಲಿ ಅದು ಸಾಕ್ಷಿಯಾಗಲು 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಫಾರ್ವರ್ಡ್ ಆದ ವಿಡಿಯೋಗೆ ಆ ಬೆಲೆ ಇಲ್ಲ.

ಗಮನಿಸಿದರೆ, ತಾಂತ್ರಿಕವಾಗಿ ಒಳ್ಳೆಯ ಸಲಹೆಯೂ ನೈತಿಕವಾಗಿ ಒಳ್ಳೆಯ ಸಲಹೆಯೂ ಇಲ್ಲಿ ಬಹುಪಾಲು ಒಂದೇ ಆಗಿವೆ. ಕಡಿಮೆ ಜಾಗ ನೋಡಿದರೆ ಹೆಚ್ಚು ಸ್ಪಷ್ಟ ಕಾಣುತ್ತೆ. ನನ್ನ ಹೊಸ್ತಿಲು ದಾಟಿದವರನ್ನು ‘ನೀನು ಯಾರು?’ ಅಂತ ಕೇಳುವ ಹಕ್ಕು ನನಗಿದೆ, ಆ ಪ್ರಶ್ನೆಗೆ ಸರಿಯಾದ ಉತ್ತರ ಸಿಗುವಷ್ಟು ಬೆಳಕೂ ಇರಬೇಕು. ರಸ್ತೆಯಲ್ಲಿ ನಡೆಯುವವರನ್ನು ಕೇಳುವ ಹಕ್ಕಿಲ್ಲ, ಅಲ್ಲಿ ಕತ್ತಲೆ ಇದ್ದರೆ ಇರಲಿ.

ಕೊನೆಗೊಂದು ಪರೀಕ್ಷೆ. ಕ್ಯಾಮೆರಾ ಹಾಕಿದ ದಿನ ಸಂಜೆ ಎದುರು ಮನೆಯವರನ್ನು, ಪಕ್ಕದ ಮನೆಯವರನ್ನು ಕರೆದು ಒಂದು ಲೋಟ ಕಾಫಿ ಕೊಟ್ಟು, ಫೋನಿನಲ್ಲಿ ಏನು ಕಾಣುತ್ತೆ ಅಂತ ತೋರಿಸಿ. ಅವರಿಗೆ ತೋರಿಸಲು ನಿಮಗೆ ಮುಜುಗರ ಆಗದಿದ್ದರೆ ಕೋನ ಸರಿ ಇದೆ. ಮುಜುಗರ ಆದರೆ ಏಣಿ ಇನ್ನೂ ಅಲ್ಲೇ ಇರುತ್ತೆ, ಹತ್ತಿ ಸ್ವಲ್ಪ ತಿರುಗಿಸಿ.